ಪ್ಯಾಚ್ ಡೇಟ್ ಒಂದಲ್ಲ ಎರಡು: ಸ್ವತಂತ್ರ ಮೊಬೈಲ್ ಓಎಸ್ ಅಪ್ಡೇಟ್ ಬಗ್ಗೆ ನನ್ ನೋಟ್ಸ್

ಹೋದ್ವಾರ ಹಾಸನದ ರೂಮಲ್ಲಿ ಕೂತ್ಕೊಂಡು ನನ್ ಹಳೇ ಫೋನಿಗೆ ಲಿನೇಜ್ ಓಎಸ್ (ವಾಲಂಟಿಯರ್‌ಗಳು ಆಂಡ್ರಾಯ್ಡ್ ಮೇಲೆ ಕಟ್ಟಿರೋ ಸ್ವತಂತ್ರ ಓಎಸ್) ಹಾಕ್ದೆ, ಸೆಟ್ಟಿಂಗ್ಸಲ್ಲಿ ಸೆಕ್ಯುರಿಟಿ ಪ್ಯಾಚ್ (ಭದ್ರತೆಯ ತೂತು ಮುಚ್ಚೋ ರಿಪೇರಿ) ಡೇಟ್ ಫ್ರೆಶ್ಶಾಗಿದೆ ಅಂತ ಖುಷಿಯಾಯ್ತು, ಆಮೇಲ್ ನೋಡಿದ್ರೆ ವೆಂಡರ್ ಪ್ಯಾಚ್ (ಫೋನ್, ಚಿಪ್ ಕಂಪನಿಗಳ ಕೋಡಿನದು) ಅಂತ ಇನ್ನೊಂದು ಡೇಟಿದೆ, ಅದು ಮೂರು ವರ್ಷ ಹಳೇದು! ಈ ಟಾಪಿಕ್ ಓದೋಕೆ ಶುರು ಮಾಡಿದ್ದೇ ಅಲ್ಲಿಂದ.

ಆಂಡ್ರಾಯ್ಡಿಗೆ ಪ್ರತಿ ತಿಂಗಳು ಸೆಕ್ಯುರಿಟಿ ಬುಲೆಟಿನ್ (ಯಾವ್ಯಾವ ಬಗ್ ರಿಪೇರಿ ಆಯ್ತು ಅನ್ನೋ ಗೂಗಲ್ ಪಟ್ಟಿ) ಬರೋಕೆ ಶುರುವಾಗಿದ್ದು 2015ರ ಆಗಸ್ಟಲ್ಲಿ, ಸ್ಟೇಜ್‌ಫ್ರೈಟ್ ಗಲಾಟೆ ಟೈಮಲ್ಲಿ (ಒಂದು ಎಂಎಂಎಸ್ ಬಂದ್ರೆ ಸಾಕು ಫೋನ್ ಹೋಯ್ತು ಅನ್ನೋ ತರದ ಬಗ್ ಅದು). ಬುಲೆಟಿನ್ನಲ್ಲಿರೋ ಪ್ಯಾಚ್ ಡೇಟಿನ ಕೊನೇಲಿ 01 ಇದ್ರೆ ಆಂಡ್ರಾಯ್ಡ್ ಫ್ರೇಮ್‌ವರ್ಕ್, ಸಿಸ್ಟಮ್ ರಿಪೇರಿ, 05 ಇದ್ರೆ ಅದರ ಜೊತೆ ಕರ್ನಲ್ಲು (ಹಾರ್ಡ್‌ವೇರ್ ಜೊತೆ ಮಾತಾಡೋ ಓಎಸ್ಸಿನ ತಿರುಳು), ಚಿಪ್ ಕಂಪನಿ ಕೋಡು ಎಲ್ಲಾ ಸೇರತ್ತೆ. ಇದನ್ನ ನೆನಪಿಟ್ಕೊಳ್ಳಿ, ಹಳೇ ಫೋನು ಸಿಗಾಕೊಳ್ಳೋದು ಇಲ್ಲೇ.

ಯಾಕಂದ್ರೆ 01ರ ಭಾಗಕ್ಕೆ ಸೋರ್ಸ್ ಕೋಡ್ ಓಪನ್ ಇದೆ, ವಾಲಂಟಿಯರ್‌ಗಳು ತಗೊಂಡು ಸೇರಿಸ್ತಾರೆ. ಆದ್ರೆ ಮೋಡೆಮ್, ಜಿಪಿಯು, ಕ್ಯಾಮೆರಾ ಫರ್ಮ್‌ವೇರ್ ಎಲ್ಲಾ ಬೈನರಿ ಬ್ಲಾಬ್ (ಸೋರ್ಸ್ ಕೊಡದೇ ಬರೋ ಮುಚ್ಚಿದ ಫೈಲು), ಕಂಪನಿ ಅಪ್ಡೇಟ್ ನಿಲ್ಲಿಸಿದ್ರೆ ಮುಗೀತು. ಚಿಕ್ಕಮಗಳೂರ್ ಕಡೆ ನಮ್ಮಜ್ಜಿ ಮನೆ ತರ ಅನ್ಕೊಳ್ಳಿ, ಮಳೆಗಾಲಕ್ಕೆ ಮುಂಚೆ ನಮ್ ಪಾಲಿನ ಹೆಂಚು ಕೈಯಾಡಿಸ್ತೀವಿ, ಬೀಗ ಹಾಕಿರೋ ದೊಡ್ಡಪ್ಪನ ಪಾಲಿನ ಮಾಡು ಮಾತ್ರ ಮುಟ್ಟೋ ಹಾಗಿಲ್ಲ, ಅಲ್ಲಿ ಸೋರಿದ್ರೆ ನೆನೆಯೋದು ನಡುಗೋಡೆ.

ಕರ್ನಲ್ ಕಥೆ ಇನ್ನೊಂಥರ. ಸೋರ್ಸ್ ಸಿಗತ್ತೆ, ಆದ್ರೆ ಫೋನ್ ಕಂಪನಿಯವ್ರು ಅದನ್ನ ಸಿಕ್ಕಾಪಟ್ಟೆ ತಿದ್ದಿರ್ತಾರೆ, ಮೂಲ ಲಿನಕ್ಸ್ ಕರ್ನಲ್ಲಿಂದ ಬಂದ ಪ್ಯಾಚ್ ನೇರವಾಗಿ ಕೂರಲ್ಲ. 4.4 ಕರ್ನಲ್ಲಿನ ಅಧಿಕೃತ ಸಪೋರ್ಟ್ 2022ರಲ್ಲಿ, 4.9ರದ್ದು 2023ರಲ್ಲಿ ಮುಗಿದೋಯ್ತು. ಹಳೇ ಫೋನುಗಳು ಓಡ್ತಿರೋದು ಇಂಥವುಗಳ ಮೇಲೇ, ಹಾಗಾಗಿ ಹೊಸ ಪ್ಯಾಚನ್ನ ಹಿಂದಿನ ವರ್ಷನ್ನಿಗೆ ಯಾರಾದ್ರೂ ಕೈಯಲ್ಲೇ ಹೊಂದಿಸ್ಬೇಕು.

ಇನ್ನು ಟೈಮ್ ವಿಷ್ಯ. ದೊಡ್ಡ ಫೋನ್ ಕಂಪನಿಗಳಿಗೆ ಗೂಗಲ್ ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸತ್ತೆ, ಸೋರ್ಸ್ ಎಲ್ಲರಿಗೂ ಸಿಗೋದು ಬುಲೆಟಿನ್ ಬಂದ 48 ಗಂಟೆ ಒಳಗೆ, ಅಂದ್ರೆ ವಾಲಂಟಿಯರ್ ಓದೋ ದಿನಾನೇ ಕಳ್ಳನೂ ಓದ್ತಾನೆ! ಆಮೇಲೆ ಅದನ್ನ ಸೇರಿಸಿ, ಒಂದೊಂದು ಮಾಡೆಲಿಗೂ ಬಿಲ್ಡ್ ಮಾಡಿ, ಆ ಮಾಡೆಲ್ ಕೈಯಲ್ಲಿರೋನು ಕೆಲಸ ಮುಗಿಸ್ಕೊಂಡು ಬಂದು ರಾತ್ರಿ ಟೆಸ್ಟ್ ಮಾಡ್ಬೇಕು. ಗ್ರಾಫೀನ್ ಓಎಸ್ (ಇನ್ನೊಂದು ಸ್ವತಂತ್ರ ಓಎಸ್) ಅಪ್ಡೇಟ್ ಬೇಗ ಕೊಡೋಕೆ ಒಂದು ಕಾರಣ ಅದು ಗೂಗಲಿನ ಪಿಕ್ಸೆಲ್ ಬಿಟ್ಟು ಬೇರೆ ಫೋನ್ ಹಚ್ಕೊಳ್ದೇ ಇದ್ದಿದ್ದು. ನನಗಂತೂ ಅದೇ ಸರಿ ಅನ್ಸತ್ತೆ, ನೂರಾರು ಮಾಡೆಲ್ ಹಚ್ಕೊಂಡ್ರೆ ಎಲ್ಲದಕ್ಕೂ ಒಂದೇ ಸ್ಪೀಡ್ ಎಲ್ಲಿಂದ ಬರ್ಬೇಕು. 2025ರ ಜುಲೈ ಬುಲೆಟಿನ್ನಲ್ಲಂತೂ ಒಂದೂ ಪ್ಯಾಚ್ ಇರ್ಲಿಲ್ಲ, ಈಗ ಹೆಚ್ಚಿನ ರಿಪೇರಿ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರತ್ತೆ.

ವೆಬ್‌ವ್ಯೂ (ಆಪ್‌ಗಳ ಒಳಗೇ ವೆಬ್ ಪೇಜ್ ತೋರಿಸೋ ಭಾಗ) ಮರೀಬೇಡಿ. ಪ್ಲೇ ಸ್ಟೋರ್ ಇದ್ರೆ ಅದು ತಾನಾಗೇ ಅಪ್ಡೇಟ್ ಆಗತ್ತೆ, ಇಲ್ದಿದ್ರೆ ಓಎಸ್ ಮಾಡೋರೇ ಕಳಿಸ್ಬೇಕು, 2023ರ ಸೆಪ್ಟೆಂಬರಲ್ಲಿ ವೆಬ್‌ಪಿ ಚಿತ್ರದ ಬಗ್ ಬಂದಾಗ ಬರೀ ಕ್ರೋಮ್ ರಿಪೇರಿ ಆದ್ರೆ ಸಾಲ್ತಿರ್ಲಿಲ್ಲ, ವೆಬ್‌ವ್ಯೂನೂ ಆಗ್ಬೇಕಿತ್ತು.

ನನ್ ಫೋನ್ ಏನಾಯ್ತು ಅಂತೀರಾ, ಬ್ಯಾಂಕ್ ಆಪ್ ತೆಗ್ದೆ, ಬ್ಲೂಟೂತ್ ಆಫ್ ಮಾಡ್ದೆ, ಈಗ ಹಾಸನ ಚಿಕ್ಕಮಗಳೂರ್ ಬಸ್ಸಲ್ಲಿ ವೈರ್ ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳೋಕಷ್ಟೇ.