ಚಳಿಗಾಲದಲ್ಲಿ ಕಿರುಚುವ ಗೂಬೆ ಮಳೆಗಾಲದಲ್ಲಿ ಸುಮ್ಮನಾಗುವುದೇಕೆ?

ಪ್ರಶ್ನೆ: ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಗೇಟಿನ ಪಕ್ಕದ ಹಳೇ ಆಲದ ಮರದಲ್ಲಿ ಪುಟ್ಟ ಗೂಬೆಗಳಿವೆ. ಡಿಸೆಂಬರ್ ಬಂತೆಂದರೆ ಕಿರುಚಾಟ ಜಾಸ್ತಿ. ಜುಲೈನಲ್ಲಿ ಸದ್ದೇ ಇರುವುದಿಲ್ಲ. ನಮ್ಮ ಅತ್ತೆಯವರು ಅಪಶಕುನ ಅಂತಾರೆ. ನಿಜವಾಗಿ ಏನಿದು?

ಉತ್ತರ: ಕಂದು ಮೈ, ಮೇಲೆಲ್ಲ ಬಿಳಿ ಚುಕ್ಕೆ, ಮುಸ್ಸಂಜೆಗೆ ಜೋಡಿಯಾಗಿ ಕೂತು ‘ಚಿರ್ರ್ ಚಿರ್ರ್, ಚಿವಕ್ ಚಿವಕ್’ ಅನ್ನುತ್ತವೆ ಅಲ್ವಾ? ಹಾಗಾದರೆ ಅದು ನಮ್ಮ ಹಾಲಕ್ಕಿ. ಮರಾಠಿಯಲ್ಲಿ ಪಿಂಗಳಾ. ಅತ್ತೆಯವರಿಗೆ ಬುಡಬುಡಕಿಯವರನ್ನು ನೆನಪಿಸಿ. ಬೆಳಗಿನ ಜಾವ ಮನೆ ಮುಂದೆ ನಿಂತು ‘ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ’ ಅನ್ನುತ್ತಿದ್ದರಲ್ಲ, ಅದೇ ಹಕ್ಕಿ ಇದು. ಮಹಾರಾಷ್ಟ್ರದಲ್ಲೂ ನಸುಕಿನಲ್ಲಿ ಬಂದು ಭವಿಷ್ಯ ಹೇಳುವವರಿಗೆ ಪಿಂಗಳಾ ಅಂತಲೇ ಹೆಸರು.

ಹಾಲಕ್ಕಿ ವರ್ಷವಿಡೀ ಅಷ್ಟಿಷ್ಟು ಕೂಗುತ್ತದೆ. ಆದರೆ ಅದು ಮರಿ ಮಾಡುವ ಕಾಲ ಸುಮಾರು ನವೆಂಬರ್‌ನಿಂದ ಏಪ್ರಿಲ್. ಮೊಟ್ಟೆ ಇಡಲು ಪೊಟರೆ ಬೇಕು. ನಗರದಲ್ಲಿ ಒಳ್ಳೆಯ ಪೊಟರೆ ಸಿಗುವುದು ಕಷ್ಟ. ಸಿಕ್ಕಿದ್ದನ್ನು ಬಿಟ್ಟುಕೊಡಬಾರದು. ಅದಕ್ಕೇ ಈ ಗಲಾಟೆ. ‘ಈ ಮರ ನಮ್ಮದು’ ಅಂತ ಗಂಡು ಹೆಣ್ಣು ಎರಡೂ ಸೇರಿ ಸಾರುತ್ತವೆ. ಒಂದು ಶುರು ಮಾಡಿದರೆ ಇನ್ನೊಂದು ದನಿಗೂಡಿಸುತ್ತದೆ. ಆ ಜುಗಲ್‌ಬಂದಿಯಿಂದ ಜೋಡಿಯ ಬೆಸುಗೆಯೂ ಗಟ್ಟಿಯಾಗುತ್ತದೆ. ನನಗಂತೂ ಅದು ಕಿರುಚಾಟ ಅನ್ನಿಸುವುದೇ ಇಲ್ಲ.

ಸಾಮಾನ್ಯವಾಗಿ 3-4 ಮೊಟ್ಟೆ, ಸುಮಾರು ಒಂದು ತಿಂಗಳು ಕಾವು. ಮಳೆಗಾಲ ಬರುವ ಹೊತ್ತಿಗೆ ಮರಿಗಳು ಹಾರಲು ಕಲಿತಿರುತ್ತವೆ. ಪೊಟರೆ ಕಾಯುವ ಅವಸರ ಮುಗಿಯಿತು, ಕೂಗೂ ಇಳಿಯಿತು. ಜೊತೆಗೆ ಮಳೆಯ ಸದ್ದು, ನಾವು ಮುಚ್ಚಿಕೊಂಡ ಕಿಟಕಿ. ಇದ್ದ ಚೂರುಪಾರು ದನಿಯೂ ನಮಗೆ ಕೇಳುವುದಿಲ್ಲ.

ಎಲ್ಲ ಗೂಬೆಗಳದ್ದೂ ಇದೇ ಲೆಕ್ಕವಲ್ಲ. ಮನೆಗಳ ಸಂದಿಯಲ್ಲಿ ಗೂಡು ಮಾಡುವ ಬಿಳಿ ಮುಖದ ಕಣಜ ಗೂಬೆ, ಇಲಿ ಚೆನ್ನಾಗಿ ಸಿಕ್ಕರೆ ಬೇರೆ ತಿಂಗಳಲ್ಲೂ ಮರಿ ಮಾಡುತ್ತದೆ. ಪುಣೆಯ ಸುತ್ತಲಿನ ಕಲ್ಲುಗುಡ್ಡಗಳಲ್ಲಿರುವ ದೊಡ್ಡ ಕೊಂಬಿನ ಗೂಬೆಯ ‘ಬೂ-ಬೋ’ ಕೇಳಬೇಕಾದರೆ ಚಳಿಗಾಲದ ಸಂಜೆಯೇ ಸರಿ.

ಒಂದು ಮಾತು ಹೇಳಲೇಬೇಕು. ಮಳೆಗೆ ಮುಂಚೆ ಸೊಸೈಟಿಗಳು ಕೊಂಬೆ ಕಡಿಸುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಪೊಟರೆಯೊಳಗೆ ಮರಿಗಳಿರಬಹುದು. ಒಣಕೊಂಬೆ ಅಂತ ಸುಮ್ನೆ ಕೊಡಲಿ ಹಾಕಿಸಬೇಡಿ. ಎರಡು ಸಂಜೆ ಕೆಳಗೆ ನಿಂತು ನೋಡಿ. ಬಾಯಲ್ಲಿ ಹುಳವೋ ಇಲಿಯೋ ಹಿಡಿದು ಹಕ್ಕಿ ಒಳಗೆ ಹೋದರೆ, ಆ ಕೊಂಬೆ ಜೂನ್‌ವರೆಗೂ ಇರಲಿ ಅಂತ ಕಾರ್ಯದರ್ಶಿಯವರಿಗೆ ಹೇಳಿ.