ನಾಲ್ಕು ಸಲ ಆಫ್ರಿಕಾ ಚಾಂಪಿಯನ್, ಮೊದಲ ವಿಶ್ವಕಪ್ ಪಂದ್ಯ 45ಕ್ಕೆ: ಎಲ್ ಹದರಿಗೆ ಇಷ್ಟು ತಡವಾಗಿದ್ದು ಯಾಕೆ?

2018ರ ಜೂನ್ 25ರಂದು ರಷ್ಯಾದ ವೋಲ್ಗೊಗ್ರಾಡ್‌ನಲ್ಲಿ ಈಜಿಪ್ಟ್ ಮತ್ತು ಸೌದಿ ಅರೇಬಿಯಾ ಆಡಿದವು. ಎರಡೂ ತಂಡಗಳು ಆಗಲೇ ವಿಶ್ವಕಪ್‌ನಿಂದ ಹೊರಬಿದ್ದಿದ್ದವು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ, ಊರಿಗೆ ಹೋಗುವ ವಿಮಾನ ಹತ್ತಲೇಬೇಕು. ಆದರೂ ಆ ಪಂದ್ಯವನ್ನು ಜನ ನೆನಪಿಟ್ಟುಕೊಂಡಿದ್ದಾರೆ, ಕಾರಣ ಈಜಿಪ್ಟ್‌ನ ನಾಯಕ ಮತ್ತು ಗೋಲ್‌ಕೀಪರ್ ಎಸ್ಸಾಂ ಎಲ್ ಹದರಿ. ಅವತ್ತು ಅವರ ವಯಸ್ಸು 45 ವರ್ಷ 161 ದಿನ. ಅಷ್ಟು ವಯಸ್ಸಾದವರು ಅದಕ್ಕೆ ಮುಂಚೆ ಯಾರೂ ವಿಶ್ವಕಪ್‌ನಲ್ಲಿ ಆಡಿರಲಿಲ್ಲ. ಹಳೆಯ ದಾಖಲೆ ಕೊಲಂಬಿಯಾದ ಗೋಲ್‌ಕೀಪರ್ ಫರೀದ್ ಮೊಂಡ್ರಗೊನ್ ಅವರದು, 2014ರಲ್ಲಿ 43ನೇ ವಯಸ್ಸಿನಲ್ಲಿ ಆಡಿದ್ದರು. ಇನ್ನೂ ತಮಾಷೆ ಏನಂದ್ರೆ, ಆ ವಿಶ್ವಕಪ್‌ಗೆ ಬಂದಿದ್ದ ಸೆನೆಗಲ್, ಸರ್ಬಿಯಾ, ಬೆಲ್ಜಿಯಂ ತಂಡಗಳ ಕೋಚ್‌ಗಳೇ ಹದರಿಗಿಂತ ಚಿಕ್ಕವರು.

ಈ ಕಥೆಯನ್ನು ಸಾಮಾನ್ಯವಾಗಿ ಫಿಟ್‌ನೆಸ್ ಕಥೆಯಾಗಿ ಹೇಳುತ್ತಾರೆ. ಎಷ್ಟು ಶಿಸ್ತು, ಎಷ್ಟು ಕಸರತ್ತು, ವಯಸ್ಸು ಬರೀ ನಂಬರ್, ಇತ್ಯಾದಿ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 1996ರಲ್ಲೇ ದೇಶಕ್ಕೆ ಆಡಿದ್ದ, ಆಫ್ರಿಕಾ ಕಪ್ ಗೆದ್ದ ನಾಲ್ಕು ತಂಡಗಳಲ್ಲಿ ಇದ್ದ ಒಬ್ಬ ಆಟಗಾರನಿಗೆ ಮೊದಲ ವಿಶ್ವಕಪ್ ಪಂದ್ಯ ಸಿಗೋಕೆ 22 ವರ್ಷ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಹದರಿಯ ಮೈಕಟ್ಟಿನಲ್ಲಿಲ್ಲ, ಈಜಿಪ್ಟ್ ಫುಟ್‌ಬಾಲ್‌ನ ವಿಚಿತ್ರ ಇತಿಹಾಸದಲ್ಲಿದೆ.

ಹದರಿ ಹುಟ್ಟಿದ್ದು 1973ರ ಜನವರಿಯಲ್ಲಿ, ನೈಲ್ ನದಿ ಸಮುದ್ರ ಸೇರುವ ಕಡೆಯ ದಮಿಯೆಟ್ಟಾ ಪ್ರಾಂತ್ಯದಲ್ಲಿ. ಅಲ್ಲಿನ ಕ್ಲಬ್‌ನಲ್ಲಿ ಆಟ ಶುರು ಮಾಡಿ 1996ರಲ್ಲಿ ಕೈರೋದ ಅಲ್ ಅಹ್ಲಿ ಸೇರಿದರು. ಅದು ಈಜಿಪ್ಟ್‌ನ ದೊಡ್ಡ ಕ್ಲಬ್, ಅಲ್ಲಿ ಜಾಗ ಸಿಕ್ಕರೆ ರಾಷ್ಟ್ರೀಯ ತಂಡದ ಬಾಗಿಲು ಅರ್ಧ ತೆರೆದ ಹಾಗೆ. 1998ರಲ್ಲಿ ಈಜಿಪ್ಟ್ ಆಫ್ರಿಕಾ ಕಪ್ ಗೆದ್ದಾಗ ಹದರಿ ತಂಡದಲ್ಲಿದ್ದರೂ ಕೂತಿದ್ದು ಬೆಂಚಿನ ಮೇಲೆ. ನಂತರ ಅಹ್ಲಿ ಜೊತೆ 2001, 2005, 2006ರಲ್ಲಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದರು. 2002ರ ಸೂಪರ್ ಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಕೈಝರ್ ಚೀಫ್ಸ್ ವಿರುದ್ಧ ತಮ್ಮದೇ ಅರ್ಧದಿಂದ ಫ್ರೀ ಕಿಕ್ ಹೊಡೆದು ಗೋಲು ಕೂಡ ಗಳಿಸಿದ್ದರು, ಗೋಲ್‌ಕೀಪರ್ ಅನ್ನೋದು ನೆನಪಿರಲಿ. ಅಭಿಮಾನಿಗಳು ಅವರಿಗೆ ಆಸ್ವಾನ್‌ನ ಹೈ ಡ್ಯಾಮ್ ಹೆಸರನ್ನೇ ಇಟ್ಟರು. ಗೆದ್ದಾಗ ಗೋಲ್‌ಪೋಸ್ಟ್ ಹತ್ತಿ ಮೇಲಿನ ಅಡ್ಡಕಂಬದ ಮೇಲೆ ಕುಣಿಯುವುದು ಅವರ ಅಭ್ಯಾಸ.

2006ರಿಂದ 2010ರವರೆಗೆ ಈಜಿಪ್ಟ್ ಸತತ ಮೂರು ಆಫ್ರಿಕಾ ಕಪ್ ಗೆದ್ದಿತು, ಬೇರೆ ಯಾವ ದೇಶವೂ ಅದನ್ನು ಮಾಡಿಲ್ಲ. ಮೂರರಲ್ಲೂ ಹದರಿಯೇ ಗೋಲ್‌ಕೀಪರ್. 2006ರ ಫೈನಲ್‌ನಲ್ಲಿ, ಕೈರೋದಲ್ಲಿ, ಐವರಿ ಕೋಸ್ಟ್ ವಿರುದ್ಧ ಪಂದ್ಯ ಪೆನಾಲ್ಟಿಗೆ ಹೋದಾಗ ದ್ರೋಗ್ಬಾ ಹೊಡೆದ ಚೆಂಡನ್ನು ತಡೆದರು. 2008ರ ಸೆಮಿಫೈನಲ್‌ನಲ್ಲಿ ಅದೇ ಐವರಿ ಕೋಸ್ಟ್‌ಗೆ 4-1, ಫೈನಲ್‌ನಲ್ಲಿ ಕ್ಯಾಮರೂನ್‌ಗೆ 1-0. 2010ರ ಫೈನಲ್‌ನಲ್ಲಿ ಘಾನಾಗೆ 1-0.

ಇಷ್ಟೆಲ್ಲ ಗೆದ್ದ ತಂಡ ವಿಶ್ವಕಪ್‌ಗೆ ಹೋಗಿರಲೇಬೇಕು ಅಲ್ವಾ? ಹೋಗಲಿಲ್ಲ.

1990ರ ಇಟಲಿ ವಿಶ್ವಕಪ್ ಆದ ಮೇಲೆ ಈಜಿಪ್ಟ್‌ಗೆ 2018ರವರೆಗೂ ಅರ್ಹತೆ ಸಿಗಲಿಲ್ಲ. ಆಫ್ರಿಕಾದ ಐವತ್ತಕ್ಕೂ ಹೆಚ್ಚು ದೇಶಗಳಿಗೆ 1998ರಿಂದ ಇದ್ದಿದ್ದು ಐದೇ ಜಾಗ (2010ರಲ್ಲಿ ಆತಿಥೇಯ ದಕ್ಷಿಣ ಆಫ್ರಿಕಾ ಸೇರಿ ಆರು). ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಟಿಕೆಟ್, ಎರಡನೆಯವರು ಮನೆಗೆ. ಯುರೋಪಿನ ಹಾಗೆ ಎರಡನೇ ಸ್ಥಾನದವರಿಗೆ ಇನ್ನೊಂದು ಅವಕಾಶ ಇರಲಿಲ್ಲ. ಆಫ್ರಿಕಾ ಕಪ್‌ನಲ್ಲಿ ಮೂರು ವಾರ ಚೆನ್ನಾಗಿ ಆಡಿದರೆ ಸಾಕು, ಇಲ್ಲಿ ಹಾಗಲ್ಲ, ತಿಂಗಳುಗಟ್ಟಲೆ ನಡೆಯುವ ಲೆಕ್ಕಾಚಾರದಲ್ಲಿ ಒಂದು ಕಡೆ ಎಡವಿದರೂ ಮುಗೀತು. ಈಜಿಪ್ಟ್ ಪ್ರತಿ ಸಲ ಒಂದು ಕಡೆ ಎಡವುತ್ತಿತ್ತು. 1998ಕ್ಕೆ ಟುನೀಶಿಯಾ ಅಡ್ಡ ಬಂತು, 2002ಕ್ಕೆ ಸೆನೆಗಲ್. 2006ರ ಅರ್ಹತಾ ಪಂದ್ಯಗಳ ಕೊನೆಯ ದಿನ ಈಜಿಪ್ಟ್‌ಗೆ ಆಸೆ ಉಳಿದಿರಲಿಲ್ಲ. ಆದರೆ ಯವುಂಡೆಯಲ್ಲಿ ಅವರು ಕ್ಯಾಮರೂನ್ ಜೊತೆ 1-1 ಡ್ರಾ ಮಾಡಿಕೊಂಡರು. ಕೊನೇ ಗಳಿಗೆಯಲ್ಲಿ ಕ್ಯಾಮರೂನ್‌ನ ವೋಮೆ ಹೊಡೆದ ಪೆನಾಲ್ಟಿ ಕಂಬಕ್ಕೆ ಬಡಿಯಿತು, ಕ್ಯಾಮರೂನ್ ಬದಲು ವಿಶ್ವಕಪ್ ಟಿಕೆಟ್ ಸಿಕ್ಕಿದ್ದು ಐವರಿ ಕೋಸ್ಟ್‌ಗೆ. ನಾಲ್ಕು ತಿಂಗಳ ನಂತರ ಅದೇ ಐವರಿ ಕೋಸ್ಟನ್ನು ಸೋಲಿಸಿ ಈಜಿಪ್ಟ್ ಆಫ್ರಿಕಾ ಕಪ್ ಎತ್ತಿತು, ಆ ಬೇಸಿಗೆಯಲ್ಲಿ ಐವರಿ ಕೋಸ್ಟ್ ಜರ್ಮನಿಗೆ ಹೋಯಿತು, ಚಾಂಪಿಯನ್‌ಗಳು ಟಿವಿ ಮುಂದೆ ಕೂತರು.

ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು 2009ರಲ್ಲಿ. ಆ ವರ್ಷದ ಜೂನ್‌ನಲ್ಲಿ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಇದೇ ತಂಡ ವಿಶ್ವ ಚಾಂಪಿಯನ್ ಇಟಲಿಯನ್ನು 1-0ರಿಂದ ಸೋಲಿಸಿತ್ತು, ಬ್ರೆಜಿಲ್‌ಗೆ ಮೂರು ಗೋಲು ಹೊಡೆದು 4-3ರಿಂದ ಸೋತಿತ್ತು. ವಿಶ್ವಕಪ್ ಮಟ್ಟದ ತಂಡ ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ. ಅರ್ಹತಾ ಗುಂಪಿನ ಕೊನೆಯ ಪಂದ್ಯ ನವೆಂಬರ್ 14ರಂದು ಕೈರೋದಲ್ಲಿ, ಎದುರಾಳಿ ಅಲ್ಜೀರಿಯಾ. ಪಂದ್ಯಕ್ಕೆ ಮುಂಚೆಯೇ ಅಲ್ಜೀರಿಯಾ ಆಟಗಾರರ ಬಸ್ಸಿಗೆ ಕಲ್ಲು ಬಿತ್ತು, ಆಟಗಾರರಿಗೆ ಗಾಯವಾಯಿತು. ಈಜಿಪ್ಟ್‌ಗೆ ಕನಿಷ್ಠ ಎರಡು ಗೋಲುಗಳ ಗೆಲುವು ಬೇಕಿತ್ತು. 95ನೇ ನಿಮಿಷದಲ್ಲಿ ಎಮಾದ್ ಮೊತೇಬ್ ತಲೆಯಿಂದ ಎರಡನೇ ಗೋಲು ಹೊಡೆದರು. ಈಗ ಎರಡೂ ತಂಡಗಳಿಗೆ 13 ಅಂಕ, ಹೊಡೆದ ಗೋಲು ಒಂಬತ್ತು, ಬಿಟ್ಟುಕೊಟ್ಟಿದ್ದು ನಾಲ್ಕು, ಪರಸ್ಪರ ಆಡಿದ ಎರಡು ಪಂದ್ಯ ಸೇರಿಸಿದರೂ 3-3. ಬೇರೆ ದಾರಿ ಇಲ್ಲದೆ ನಾಲ್ಕೇ ದಿನ ಬಿಟ್ಟು ಸುಡಾನ್‌ನ ಓಮ್‌ಡುರ್ಮಾನ್‌ನಲ್ಲಿ ಇನ್ನೊಂದು ಪಂದ್ಯ ಆಡಿಸಿದರು. ಅಂತರ್ ಯಹಿಯಾ ಅತಿ ಕಡಿಮೆ ಕೋನದಿಂದ ಹೊಡೆದ ಚೆಂಡು ಹದರಿಯ ತಲೆ ಮೇಲೆ ಹಾದು ಬಲೆ ಸೇರಿತು. 1-0. ಎರಡು ದೇಶಗಳ ನಡುವೆ ರಾಜತಾಂತ್ರಿಕ ಜಗಳವೇ ಆಗಿಹೋಯಿತು. ಎರಡು ತಿಂಗಳ ನಂತರ ಆಫ್ರಿಕಾ ಕಪ್ ಸೆಮಿಫೈನಲ್‌ನಲ್ಲಿ ಈಜಿಪ್ಟ್ ಅಲ್ಜೀರಿಯಾವನ್ನು 4-0ರಿಂದ ಸೋಲಿಸಿತು. ಅದರಿಂದ ವಿಶ್ವಕಪ್ ಜಾಗವೇನೂ ವಾಪಸ್ ಬರಲಿಲ್ಲ.

ಹದರಿ ಪಾಪದ ಮನುಷ್ಯ, ವಿಧಿ ಮೋಸ ಮಾಡಿತು ಅಂತ ಮಾತ್ರ ಹೇಳಿದರೆ ತಪ್ಪಾಗುತ್ತದೆ. 2008ರ ಕಪ್ ಗೆದ್ದ ಬೆನ್ನಿಗೇ, ಅಹ್ಲಿ ಜೊತೆ ಒಪ್ಪಂದ ಇನ್ನೂ ಬಾಕಿ ಇರುವಾಗಲೇ, ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಸ್ವಿಟ್ಜರ್‌ಲೆಂಡ್‌ನ ಸಿಯೋನ್ ಕ್ಲಬ್ ಸೇರಿಬಿಟ್ಟರು. ಫಿಫಾ ಅವರನ್ನು ನಾಲ್ಕು ತಿಂಗಳು ನಿಷೇಧಿಸಿತು, ಅಹ್ಲಿಗೆ ದೊಡ್ಡ ಪರಿಹಾರ ಕೊಡಬೇಕು ಅಂತಲೂ ಹೇಳಿತು. ಸಿಯೋನ್‌ಗೆ ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ನಿಷೇಧ ಬಿತ್ತು. ಆ ಕ್ಲಬ್ ನಿಷೇಧವನ್ನು ಲೆಕ್ಕಿಸದೆ ಆಟಗಾರರನ್ನು ತಂದು ಆಡಿಸಿದ್ದಕ್ಕೆ 2011-12ರ ಲೀಗ್‌ನಲ್ಲಿ 36 ಅಂಕ ಕಳೆದುಕೊಂಡಿತು. ಒಬ್ಬ ಗೋಲ್‌ಕೀಪರ್‌ನ ವಿಮಾನ ಟಿಕೆಟ್ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಅಹ್ಲಿ ಅಭಿಮಾನಿಗಳಿಗಂತೂ ಹದರಿ ದ್ರೋಹಿಯಾದರು. ಆಮೇಲೆ ಇಸ್ಮೈಲಿ, ಬದ್ಧ ವೈರಿ ಝಮಾಲೆಕ್, ಸುಡಾನ್‌ನ ಅಲ್ ಮೆರ್ರೀಖ್, ಹೀಗೆ ಕ್ಲಬ್‌ನಿಂದ ಕ್ಲಬ್‌ಗೆ ಅಲೆದಾಟ.

ಅಷ್ಟರಲ್ಲಿ ಈಜಿಪ್ಟ್ ಫುಟ್‌ಬಾಲೇ ಕುಸಿಯಿತು. 2011ರ ಕ್ರಾಂತಿ, 2012ರ ಫೆಬ್ರವರಿಯಲ್ಲಿ ಪೋರ್ಟ್ ಸೈದ್ ಕ್ರೀಡಾಂಗಣದಲ್ಲಿ 70ಕ್ಕೂ ಹೆಚ್ಚು ಜನರ ಸಾವು, ಲೀಗ್ ಬಂದ್. ಸತತ ಮೂರು ಸಲ ಚಾಂಪಿಯನ್ ಆದ ದೇಶ 2012, 2013, 2015ರ ಆಫ್ರಿಕಾ ಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2014ರ ವಿಶ್ವಕಪ್ ಕನಸು 2013ರ ಅಕ್ಟೋಬರ್‌ನಲ್ಲಿ ಕುಮಾಸಿಯಲ್ಲಿ ಘಾನಾ ಎದುರು 6-1ಕ್ಕೆ ಮುಗಿಯಿತು. ಅಬುತ್ರಿಕಾ ಥರದ ಮಾಂತ್ರಿಕ ಅದೇ ವರ್ಷ ನಿವೃತ್ತರಾದರು, 184 ಪಂದ್ಯ ಆಡಿದ ಅಹ್ಮದ್ ಹಸನ್ ಅದಕ್ಕೂ ಮುಂಚೆಯೇ ದೃಶ್ಯದಿಂದ ಮರೆಯಾಗಿದ್ದರು. ಆ ಪೀಳಿಗೆಯ ಇವರಿಬ್ಬರಿಗೂ ಒಂದೇ ಒಂದು ವಿಶ್ವಕಪ್ ಪಂದ್ಯ ಸಿಗಲಿಲ್ಲ. ಉಳಿದುಕೊಂಡಿದ್ದು ಹದರಿ. ಗೋಲ್‌ಕೀಪರ್ ಆಗಿದ್ದರಿಂದ ಸಾಧ್ಯವಾಯಿತು, ಓಡುವ ಆಟಗಾರನಾಗಿದ್ದರೆ ಎಷ್ಟು ಕಸರತ್ತು ಮಾಡಿದರೂ ಆಗುತ್ತಿರಲಿಲ್ಲ.

2017ರ ಆಫ್ರಿಕಾ ಕಪ್‌ಗೆ ಗ್ಯಾಬನ್‌ಗೆ ಹೋದಾಗ 44 ವರ್ಷದ ಹದರಿ ಮೊದಲ ಆಯ್ಕೆ ಆಗಿರಲಿಲ್ಲ. ಮಾಲಿ ವಿರುದ್ಧದ ಮೊದಲ ಪಂದ್ಯದಲ್ಲೇ ಅಹ್ಮದ್ ಎಲ್ ಶೆನಾವಿ ಗಾಯಗೊಂಡರು, ಹದರಿ ಒಳಗೆ ಬಂದರು. ಸೆಮಿಫೈನಲ್‌ವರೆಗೆ ಒಂದೂ ಗೋಲು ಬಿಡಲಿಲ್ಲ. ಬುರ್ಕಿನಾ ಫಾಸೊ ವಿರುದ್ಧ ಎರಡು ಪೆನಾಲ್ಟಿ ತಡೆದು ತಂಡವನ್ನು ಫೈನಲ್‌ಗೆ ಒಯ್ದರು, ಅಲ್ಲಿ ಕ್ಯಾಮರೂನ್ 2-1ರಿಂದ ಗೆದ್ದಿತು. ಅದೇ ಅಕ್ಟೋಬರ್‌ನಲ್ಲಿ ಅಲೆಕ್ಸಾಂಡ್ರಿಯಾ ಹತ್ತಿರದ ಬೋರ್ಗ್ ಎಲ್ ಅರಬ್‌ನಲ್ಲಿ ಕಾಂಗೋ ವಿರುದ್ಧ 1-1 ಆಗಿದ್ದಾಗ, 95ನೇ ನಿಮಿಷದಲ್ಲಿ ಮೊಹಮದ್ ಸಲಾ ಪೆನಾಲ್ಟಿ ಹೊಡೆದರು. 28 ವರ್ಷದ ಬರ ಮುಗಿಯಿತು. ಹದರಿ ದೇಶಕ್ಕೆ ಮೊದಲ ಪಂದ್ಯ ಆಡಿದಾಗ ಈ ಸಲಾಗೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ರಷ್ಯಾದಲ್ಲಿ ಮೊದಲ ಎರಡು ಪಂದ್ಯಕ್ಕೆ ಕೋಚ್ ಹೆಕ್ಟರ್ ಕೂಪರ್ ಆರಿಸಿದ್ದು ಮೊಹಮದ್ ಎಲ್ ಶೆನಾವಿಯನ್ನು. ಸರಿಯಾದ ಆಯ್ಕೆಯೇ, ಉರುಗ್ವೆ ವಿರುದ್ಧ ಅವರು ಅದ್ಭುತವಾಗಿ ಆಡಿದರು. ಮೂರನೆಯದು ಹದರಿಗೆ. ಸುಮ್ನೆ ದಾಖಲೆಗಾಗಿ ಆಡಿಸಿದರು ಅಂತ ಅಂದುಕೊಳ್ಳುವವರಿಗೆ ಉತ್ತರ 41ನೇ ನಿಮಿಷದಲ್ಲಿ ಸಿಕ್ಕಿತು: ಫಹದ್ ಅಲ್ ಮುವಲ್ಲದ್ ಹೊಡೆದ ಪೆನಾಲ್ಟಿಗೆ ಬಲಕ್ಕೆ ಹಾರಿ ಕೈ ತಾಗಿಸಿದರು, ಚೆಂಡು ಅಡ್ಡಕಂಬಕ್ಕೆ ಬಡಿದು ಹೊರಬಂತು. ಆ ಸೀಸನ್ ಪೂರ್ತಿ ಅವರು ಆಡಿದ್ದು ಸೌದಿಯ ಅಲ್ ತಾವುನ್ ಕ್ಲಬ್‌ಗೆ, ಹಾಗಾಗಿ ಎದುರಿಗಿದ್ದವರು ಹೊಸಬರೇನಲ್ಲ. ಆದರೆ ವಿರಾಮಕ್ಕೆ ಮುಂಚೆ ಇನ್ನೊಂದು ಪೆನಾಲ್ಟಿ ಸಿಕ್ಕಿ ಸೌದಿ ಸಮ ಮಾಡಿಕೊಂಡಿತು, 95ನೇ ನಿಮಿಷದಲ್ಲಿ ಅಲ್ ದೌಸರಿ ಗೋಲಿನಿಂದ 2-1ಕ್ಕೆ ಗೆದ್ದೇಬಿಟ್ಟಿತು.

ಆಗಸ್ಟ್‌ನಲ್ಲಿ ಹದರಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು, ಒಟ್ಟು 159 ಪಂದ್ಯ. ಆಮೇಲೆ ಕಾರ್ಲೋಸ್ ಕೈರೋಷ್ ಕೋಚ್ ಆಗಿದ್ದಾಗ ಗೋಲ್‌ಕೀಪಿಂಗ್ ಕೋಚ್ ಆಗಿ ವಾಪಸ್ ಬಂದರು. 2022ರ ಆರಂಭದ ಆಫ್ರಿಕಾ ಕಪ್‌ನಲ್ಲಿ ಮೊಹಮದ್ ಎಲ್ ಶೆನಾವಿ ಗಾಯಗೊಂಡು ಅಬು ಗಬಲ್ ಒಳಗೆ ಬಂದರು, ಫೈನಲ್‌ನಲ್ಲಿ ಸಾದಿಯೊ ಮಾನೆಯ ಪೆನಾಲ್ಟಿಯನ್ನೂ ತಡೆದರು. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿದ್ದು ಸೆನೆಗಲ್. ಮಾರ್ಚ್‌ನಲ್ಲಿ ಕತಾರ್ ವಿಶ್ವಕಪ್‌ನ ಟಿಕೆಟ್‌ಗೂ ಇವೆರಡೇ ತಂಡ ಎದುರಾದವು, ಅದೂ ಪೆನಾಲ್ಟಿಗೇ ಹೋಯಿತು. ಸಲಾ ಹೊಡೆದ ಚೆಂಡು ಗೋಲಿನ ಮೇಲೆ ಹಾರಿಹೋಯಿತು, ಈಜಿಪ್ಟ್ ಮತ್ತೆ ಹೊರಗೆ ಉಳಿಯಿತು.