ಸೈಜ್ ಎಕ್ಸ್‌ಕ್ಲೂಷನ್‌ನಲ್ಲಿ ಪೀಕ್ ಯಾಕೆ ಅಗಲವಾಗುತ್ತದೆ?

ಸೈಜ್ ಎಕ್ಸ್‌ಕ್ಲೂಷನ್ ಅಂದರೆ ರಂಧ್ರವಿರುವ ಮಣಿಗಳನ್ನು ತುಂಬಿದ ಕಾಲಮ್ ಮೂಲಕ ದ್ರವ ಹರಿಸಿ, ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ. ಒಂದೇ ಗಾತ್ರದ ಅಣುಗಳು ಹೊರಬಂದಾಗ ಗ್ರಾಫ್‌ನಲ್ಲಿ ಒಂದು ಪೀಕ್ ಕಾಣುತ್ತದೆ. ಇಲ್ಲಿ ದೊಡ್ಡ ಅಣು ಮೊದಲು ಬರುತ್ತದೆ, ಚಿಕ್ಕದು ಕೊನೆಗೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಅಣು ಮಣಿಗಳಿಗೆ ಅಂಟುವುದಿಲ್ಲ (ಅಂಟಲೂಬಾರದು). ಹಾಗಾಗಿ 24 ಮಿ.ಲೀ. ಕಾಲಮ್‌ನಲ್ಲಿ ಎಲ್ಲ ಪೀಕ್‌ಗಳೂ ಸುಮಾರು 8ರಿಂದ 20 ಮಿ.ಲೀ. ಒಳಗೇ ಜಾಗ ಮಾಡಿಕೊಳ್ಳಬೇಕು. ಗ್ರೇಡಿಯೆಂಟ್ (ಓಡಿಸುವಾಗ ದ್ರವದ ಸಂಯೋಜನೆ ಬದಲಾಗುವ ರೀತಿ) ಬದಲಿಸಿ ಪೀಕ್‌ಗಳನ್ನು ದೂರ ಮಾಡೋಣ ಅಂದರೆ ಆಗಲ್ಲ. ಪೀಕ್ ಅಗಲವಾದಷ್ಟೂ ನಷ್ಟ ಜಾಸ್ತಿ.

ಕಾಲಮ್ ಎಷ್ಟು ಚೆನ್ನಾಗಿದೆ ಅಂತ ನೋಡುವುದು ಪ್ಲೇಟ್ ಸಂಖ್ಯೆಯಿಂದ (ಅದು ಜಾಸ್ತಿಯಿದ್ದಷ್ಟೂ ಪೀಕ್ ಕಿರಿದು):

ಪ್ಲೇಟ್ ಸಂಖ್ಯೆ = 5.54 × (ಪೀಕ್ ಬಂದ ವಾಲ್ಯೂಮ್ ÷ ಅರ್ಧ ಎತ್ತರದಲ್ಲಿ ಅಗಲ)²

5.54 ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಬಹುದು. 2ರ ನ್ಯಾಚುರಲ್ ಲಾಗ್ ಅನ್ನು 8ರಿಂದ ಗುಣಿಸಿ, ಅಷ್ಟೇ.

30 ಸೆಂ.ಮೀ. ಉದ್ದದ ಅದೇ ಕಾಲಮ್‌ಗೆ ಸ್ವಲ್ಪವೇ ಅಸಿಟೋನ್ (ಒಂದು ಚಿಕ್ಕ ಅಣು) ಹಾಕಿದಿರಿ ಅಂದುಕೊಳ್ಳಿ. ಪೀಕ್ 20 ಮಿ.ಲೀ.ಗೆ ಬಂತು, ಅಗಲ 0.4 ಮಿ.ಲೀ. ಪ್ಲೇಟ್ ಸಂಖ್ಯೆ 13,850. ಮೀಟರಿಗೆ 46,000 ಚಿಲ್ಲರೆ. ಒಳ್ಳೆಯ ಕಾಲಮ್.

ಈಗ ಅದಕ್ಕೇ 500 ಮೈಕ್ರೋಲೀಟರ್ ಹಾಕಿ. ನೆನಪಿಡಬೇಕಾದ್ದು: ಅಗಲಗಳನ್ನು ನೇರವಾಗಿ ಕೂಡುವಂತಿಲ್ಲ, ವೇರಿಯನ್ಸ್‌ಗಳನ್ನು (ಹರಡುವಿಕೆಯ ಅಳತೆಯಾದ ಸಿಗ್ಮಾದ ವರ್ಗ) ಕೂಡಬೇಕು. ಕಾಲಮ್‌ನದು (0.4 ÷ 2.355)², ಅಂದರೆ 0.029. ಇಂಜೆಕ್ಷನ್‌ನದು 0.5² ÷ 12, ಅಂದರೆ 0.021. ಒಟ್ಟು 0.050. ಪ್ಲೇಟ್ ಸಂಖ್ಯೆ ಸುಮಾರು 8,000ಕ್ಕೆ ಇಳಿಯಿತು! ಕಾಲಮ್ ಅದೇ, ಪಂಪ್ ಅದೇ. 100 ಮೈಕ್ರೋಲೀಟರ್ ಹಾಕಿದ್ದರೆ ಇಂಜೆಕ್ಷನ್ ಪಾಲು 0.001ಕ್ಕೂ ಕಡಿಮೆ. ಕಾಲಮ್ ವಾಲ್ಯೂಮ್‌ನ ಶೇ. 0.5ರಿಂದ 2 ಮಾತ್ರ ಸ್ಯಾಂಪಲ್ ಹಾಕಿ ಅನ್ನುವುದು ಸುಮ್ನೆ ಅಲ್ಲ.

ಟ್ಯೂಬಿಂಗ್ ಕೂಡ ಹೀಗೇ ಕಾಟ ಕೊಡುತ್ತದೆ. 0.5 ಮಿ.ಮೀ. ಒಳವ್ಯಾಸದ ಒಂದು ಮೀಟರ್ ಟ್ಯೂಬ್‌ನಲ್ಲಿ ಸುಮಾರು 0.2 ಮಿ.ಲೀ. ದ್ರವ ಕೂತಿರುತ್ತದೆ. 0.25ರ ಟ್ಯೂಬ್ ಆದರೆ ಅದರ ಕಾಲು ಭಾಗ.

ಇನ್ನು ಪ್ರೋಟೀನ್ ವಿಷಯ. ವ್ಯಾನ್ ಡೀಮ್ಟರ್ ಸಮೀಕರಣದಲ್ಲಿ (ಫ್ಲೋ ವೇಗಕ್ಕೆ ತಕ್ಕಂತೆ ಪೀಕ್ ಎಷ್ಟು ಅಗಲವಾಗುತ್ತದೆ ಅಂತ ಹೇಳುವ ಸೂತ್ರ) ಮೂರು ಪದಗಳಿವೆ, ಅಲ್ವಾ? ದೊಡ್ಡ ಅಣುಗಳಿಗೆ ಮುಖ್ಯವಾಗಿ ಕಾಡುವುದು ಮೂರನೆಯದು, ಸಿ ಪದ. ಅಣು ರಂಧ್ರದೊಳಗೆ ಹೋಗಿ ಹೊರಬರಲು ಸಮಯ ಬೇಕು. ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಅಸಿಟೋನ್‌ಗಿಂತ ಸುಮಾರು 20 ಪಟ್ಟು ನಿಧಾನವಾಗಿ ಡಿಫ್ಯೂಸ್ ಆಗುತ್ತದೆ. ಫ್ಲೋ ಜೋರಾಗಿದ್ದರೆ, ರಂಧ್ರದಲ್ಲಿದ್ದ ಅಣುಗಳು ಹಿಂದೆ ಉಳಿಯುತ್ತವೆ, ಹೊರಗಿದ್ದವು ಮುಂದೆ ಹೋಗಿಬಿಡುತ್ತವೆ. ಹಾಗಾಗಿ ಅಸಿಟೋನ್ ಟೆಸ್ಟ್ ಪಾಸಾದ ಮಾತ್ರಕ್ಕೆ ಪ್ರೋಟೀನ್ ಪೀಕ್ ಕಿರಿದಾಗಿ ಬರುತ್ತದೆ ಅನ್ನುವಂತಿಲ್ಲ. ಆ ಟೆಸ್ಟ್ ಮುಖ್ಯವಾಗಿ ಪ್ಯಾಕಿಂಗ್ ಹೇಗಿದೆ ಅಂತ ಹೇಳುತ್ತದೆ. ಮಣಿ ಚಿಕ್ಕದಾದರೆ ಸಿ ಪದವೂ ಇಳಿಯುತ್ತದೆ, ಆದರೆ ಪ್ರೆಷರ್ ಏರುತ್ತದೆ.

ಪಾಲಿಮರ್ ಓಡಿಸುವವರಿಗೆ ಇನ್ನೊಂದು ತಲೆನೋವು. ಅಲ್ಲಿ ಸ್ಯಾಂಪಲ್‌ನಲ್ಲೇ ಬೇರೆ ಬೇರೆ ಉದ್ದದ ಸರಪಳಿಗಳಿರುತ್ತವೆ. ಅದರ ಅಗಲಕ್ಕೆ ಕಾಲಮ್‌ನ ಅಗಲವೂ ಸೇರಿ, ಡಿಸ್ಪರ್ಸಿಟಿ (ಸರಪಳಿ ಉದ್ದಗಳು ಎಷ್ಟು ಬೇರೆ ಬೇರೆ ಅನ್ನುವ ಅಳತೆ) ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಇಂಜೆಕ್ಷನ್, ಟ್ಯೂಬಿಂಗ್ ಎರಡೂ ಸರಿಯಿದ್ದರೆ ಫ್ಲೋ ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ ನೋಡಿ. ಪೀಕ್ ಕಿರಿದಾದರೆ ಆ ಅಗಲದಲ್ಲಿ ಸಿ ಪದದ ಪಾಲಿತ್ತು. ಹೆಚ್ಚು ಕಡಿಮೆ ಹಾಗೇ ಉಳಿದರೆ ಮೊದಲು ಸ್ಯಾಂಪಲ್ ಮೇಲೆ ಅನುಮಾನ ಪಡಿ.